ಸಹಾಯ ಬೇಕು: ಸಿಪ್ಯಾನೆಲ್ ಎಪಿಐನಲ್ಲಿ ಪ್ರಿವಿಲೇಜ್ ಕೊಟ್ಟರೂ ರಿಮೋಟ್‌ನಿಂದ ಮೈಎಸ್‌ಕ್ಯೂಎಲ್ 1044 ಎರರ್ (ಡೇಟಾಬೇಸ್‌ಗೆ ಪ್ರವೇಶ ನಿರಾಕರಣೆ)

ಶೇರ್ಡ್ ಹೋಸ್ಟಿಂಗ್, ರೂಟ್ (ಸರ್ವರ್‌ನ ಪೂರ್ಣ ಅಧಿಕಾರ) ಇಲ್ಲ. ಹಾಗಾಗಿ ಡೇಟಾಬೇಸ್ ಹಕ್ಕು ಕೊಡೋ ಗ್ರಾಂಟ್ ಕಮಾಂಡ್ ನೇರವಾಗಿ ಹಾಕೋಕಾಗಲ್ಲ, ಎಲ್ಲಾ ಯುಎಪಿಐ (ಹೋಸ್ಟಿಂಗ್ ನಿರ್ವಹಿಸೋ ಸಿಪ್ಯಾನೆಲ್‌ನ ಎಪಿಐ) ಮೂಲಕವೇ ಆಗಬೇಕು. 2083 ಪೋರ್ಟ್‌ಗೆ ಟೋಕನ್ ಜೊತೆ ಕಳಿಸಿರೋ ಕ್ರಮ: ಕ್ರಿಯೇಟ್_ಡೇಟಾಬೇಸ್, ಕ್ರಿಯೇಟ್_ಯೂಸರ್, ಸೆಟ್_ಪ್ರಿವಿಲೇಜಸ್_ಆನ್_ಡೇಟಾಬೇಸ್, ಕೊನೆಗೆ ಆ್ಯಡ್_ಹೋಸ್ಟ್ (ರಿಮೋಟ್ ಸರ್ವರ್‌ನ ವಿಳಾಸವನ್ನ ಅನುಮತಿ ಪಟ್ಟಿಗೆ ಸೇರಿಸೋದು). ನಾಲ್ಕಕ್ಕೂ ಸ್ಟೇಟಸ್ 1, ಎರರ್ಸ್ ನಲ್, ಅಂದ್ರೆ ಎಲ್ಲಾ ಯಶಸ್ವಿ.

ಅದೇ ಸರ್ವರ್‌ನಲ್ಲಿರೋ ಸೈಟ್ ಲೋಕಲ್‌ಹೋಸ್ಟ್‌ನಿಂದ ಸಲೀಸಾಗಿ ಓದುತ್ತೆ, ಬರೆಯುತ್ತೆ. ಬೇರೆ ಸರ್ವರ್‌ನಿಂದ ಮಾತ್ರ 1044. ಪಾಸ್‌ವರ್ಡ್ ತಪ್ಪಿದ್ರೆ 1045, ಹೋಸ್ಟ್‌ಗೇ ಅನುಮತಿ ಇಲ್ಲದಿದ್ರೆ 1130 ಬರಬೇಕಿತ್ತು. ಅಂದ್ರೆ ಲಾಗಿನ್ ಆಗ್ತಿದೆ, ಆ ಡೇಟಾಬೇಸ್ ಮೇಲೆ ಹಕ್ಕಿಲ್ಲ ಅಷ್ಟೇ. ರಿಮೋಟ್‌ನಿಂದ ಶೋ ಗ್ರಾಂಟ್ಸ್ ಹಾಕಿದ್ರೆ ಬರೋದು ಬರೀ ಯೂಸೇಜ್ (ಅಂದ್ರೆ ಯಾವ ಹಕ್ಕೂ ಇಲ್ಲ).

ಯೂಸರ್, ಡೇಟಾಬೇಸ್ ಎರಡಕ್ಕೂ ಅಕೌಂಟ್ ಪ್ರಿಫಿಕ್ಸ್ ಸರಿಯಾಗಿದೆ. 'ಆಲ್ ಪ್ರಿವಿಲೇಜಸ್' ನಡುವಿನ ಸ್ಪೇಸ್ %20 ಆಗೇ ಹೋಗಿದೆ. ಫೈರ್‌ವಾಲ್ ಅನ್ನೋರಿಗೆ: ಅದಾಗಿದ್ರೆ ಟೈಮ್‌ಔಟ್ ಆಗ್ತಿತ್ತು, 1044 ಅಲ್ಲ.

ನನ್ನ ಅನುಮಾನ ಕ್ರಮದ ಮೇಲೆ. ಪ್ರಿವಿಲೇಜ್ ಕೊಟ್ಟಾಗ ಹೊಸ ಹೋಸ್ಟ್ ಪಟ್ಟಿಯಲ್ಲೇ ಇರಲಿಲ್ಲ.

ಪ್ರಶ್ನೆ ಇಷ್ಟೇ: ಈಗ ಸೆಟ್_ಪ್ರಿವಿಲೇಜಸ್ ಮತ್ತೊಮ್ಮೆ ಕಳಿಸಿದ್ರೆ ಹೊಸ ಹೋಸ್ಟ್‌ಗೂ ಗ್ರಾಂಟ್ ಸೇರುತ್ತಾ? ಸೇರೋದಾದ್ರೆ, ಹಾಗೆ ಕಳಿಸುವಾಗ ಲೋಕಲ್‌ಹೋಸ್ಟ್‌ನ ಹಳೇ ಹಕ್ಕು ಒಂದು ಕ್ಷಣವಾದ್ರೂ ಕಳಚಿಹೋಗುತ್ತಾ? ಸೈಟ್ ಲೈವ್ ಇದೆ, ಅದಕ್ಕೇ ಕೈ ಹಾಕಿಲ್ಲ. ಮಾಡಿ ನೋಡಿದವರು ತಿಳಿಸಿ.