ಉಕ್ಕಿನ ಸರ್ಕಲ್ (ದುಂಡು ಬಿಲ್ಲೆ) ಕಸ್ಟಮ್ಸ್ ಕೋಡ್ 7326ಕ್ಕೋ 7208ಕ್ಕೋ? ಸರಕು ಬಂದರಲ್ಲಿ ಕೂತಿದೆ

ಪೀಣ್ಯದ ಶೆಡ್:
ನಮಸ್ಕಾರ. ಪೀಣ್ಯದಲ್ಲಿ ನಂದೊಂದು ಸಣ್ಣ ಶೆಡ್ ಇದೆ, ಹನ್ನೊಂದು ಜನ ಕೆಲಸಗಾರರು. ಟ್ಯಾಂಕಿಗೆ ಡಿಶ್ ಎಂಡ್ (ತಟ್ಟೆಯಾಕಾರದ ತುದಿ ಮುಚ್ಚಳ) ಒತ್ತುತ್ತೇವೆ, ದೀಪದ ಕಂಬವನ್ನೂ ಮಾಡುತ್ತೇವೆ. ಮೊದಲ ಸಲ ಚೀನಾದಿಂದ ನೇರವಾಗಿ ಮಾಲು ತರಿಸಿದೆ. ಒಂದೇ ಕಂಟೇನರ್‌ನಲ್ಲಿ ಎರಡು ಐಟಂ ಇದೆ.

ಒಂದು: 6 ಎಂಎಂ ದಪ್ಪ, 320 ಎಂಎಂ ವ್ಯಾಸದ ಸರ್ಕಲ್, 9 ಟನ್. ಹಾಟ್ ರೋಲ್ಡ್ ಪ್ಲೇಟನ್ನು ಲೇಸರ್‌ನಲ್ಲಿ ಕತ್ತರಿಸಿದ್ದು, ತೂತು ಗೀತು ಏನಿಲ್ಲ. ಇನ್ನೊಂದು: ಕಂಬದ ಬೇಸ್ ಪ್ಲೇಟ್, 4 ಟನ್. 250ಕ್ಕೆ 250, ದಪ್ಪ 10 ಎಂಎಂ. ನಾಲ್ಕು ಮೂಲೆಗೂ ಬೋಲ್ಟ್ ತೂತು, ನಡುವೆ ಕೇಬಲ್ ಹೋಗಲು ದೊಡ್ಡ ತೂತು.

ಸಪ್ಲೈಯರ್ ಇನ್ವಾಯ್ಸ್‌ನಲ್ಲಿ ಎರಡಕ್ಕೂ 7326, ಅಂದರೆ ಉಕ್ಕಿನ ಇತರ ವಸ್ತುಗಳು ಅಂತ ಹಾಕಿದ್ದ. ನಾವೂ ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣೆ, ಬಿಲ್ ಆಫ್ ಎಂಟ್ರಿಯಲ್ಲಿ ಅದನ್ನೇ ಬರೆದೆವು. ಈಗ ಕಸ್ಟಮ್ಸ್‌ನಿಂದ ಕ್ವೆರಿ ಬಂದಿದೆ: ಎರಡೂ 7208 (ಅಗಲದ ಹಾಟ್ ರೋಲ್ಡ್ ಪ್ಲೇಟ್, ಶೀಟ್) ಯಾಕಲ್ಲ? ಸೇಫ್‌ಗಾರ್ಡ್ ಸುಂಕ (ದೇಶದ ಉಕ್ಕು ಉದ್ಯಮ ಕಾಯಲು ಹಾಕುವ ಹೆಚ್ಚುವರಿ ಸುಂಕ) ಯಾಕೆ ಕಟ್ಟಿಲ್ಲ? ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಪ್ರಮಾಣಪತ್ರ ಎಲ್ಲಿ? ಸರ್ಕಲ್ ಟನ್ನಿಗೆ 780 ಡಾಲರ್ ಬಿದ್ದಿದೆ, ಸಿಐಎಫ್ (ವಿಮೆ, ಹಡಗು ಬಾಡಿಗೆ ಸೇರಿದ ಬೆಲೆ). ಲೇಸರ್‌ನಲ್ಲಿ ಕತ್ತರಿಸಿದ್ದು ವಸ್ತು ಅಲ್ವಾ? ಇನ್ನೂ ಬರೀ ಪ್ಲೇಟ್ ಹೇಗಾಗುತ್ತದೆ?

ಹಳೇ ಬ್ರೋಕರ್:
ಇಪ್ಪತ್ತೆರಡು ವರ್ಷದಿಂದ ಕಸ್ಟಮ್ಸ್ ಬ್ರೋಕರ್ ಕೆಲಸ ಮಾಡ್ತಿದ್ದೇನೆ. ಸಮಾಧಾನಕ್ಕೆ ಸುಳ್ಳು ಹೇಳಲ್ಲ. ಸರ್ಕಲ್ ವಿಷಯದಲ್ಲಿ ನೀವು ಸೋತಿದ್ದೀರಿ. ಬೇಸ್ ಪ್ಲೇಟ್ ವಿಷಯದಲ್ಲಿ ಜಗಳ ಆಡಿ.

ಕಸ್ಟಮ್ಸ್ ಟ್ಯಾರಿಫ್ ಪುಸ್ತಕದ 72ನೇ ಚಾಪ್ಟರ್ (ಕಬ್ಬಿಣ, ಉಕ್ಕು) ತೆಗೆದು ಟಿಪ್ಪಣಿ 1(ಕೆ) ಓದಿ. ಫ್ಲಾಟ್ ರೋಲ್ಡ್ ಅಂದರೆ ಏನು ಅಂತ ಅಲ್ಲೇ ಇದೆ. ಕೊನೆಯ ಸಾಲು ನೋಡಿ. ಆಯತ ಅಥವಾ ಚೌಕ ಅಲ್ಲದ ಆಕಾರದ್ದು ಎಷ್ಟೇ ಸಣ್ಣದಿದ್ದರೂ 600 ಎಂಎಂ ಅಥವಾ ಜಾಸ್ತಿ ಅಗಲದ್ದು ಅಂತಲೇ ಲೆಕ್ಕ, ಬೇರೆ ಹೆಡಿಂಗ್‌ನ (ನಾಲ್ಕಂಕಿ ಕೋಡ್‌ನ) ವಸ್ತುವಿನ ಸ್ವರೂಪ ಪಡೆದಿಲ್ಲ ಅಂದರೆ. ಈ ಸಾಲು ನನಗೆ ಮರೆಯಲ್ಲ. ಶುರುವಿನಲ್ಲಿ ನಾನು ಒಂದು ಸಣ್ಣ ಸರ್ಕಲ್ಲಿಗೆ 600ಕ್ಕಿಂತ ಕಡಿಮೆ ಅಗಲದ್ದಕ್ಕೆ ಇರುವ 7211 ಹಾಕಿದ್ದೆ. ಮಾಲು ಪರಿಶೀಲಿಸುವ ಕಸ್ಟಮ್ಸ್ ಅಧಿಕಾರಿ, ಅಪ್ರೈಸರ್, ಮಾತೇ ಆಡಲಿಲ್ಲ. ಪುಸ್ತಕ ತೆರೆದು ಆ ಸಾಲಿನ ಮೇಲೆ ಬೆರಳಿಟ್ಟರು. ನಾನೂ ಮಾತಾಡದೆ ಎದ್ದು ಬಂದೆ.

ಇನ್ನೂ ಪೂರ್ತಿಯಾಗದ ವಸ್ತು ಅಂತ ಟ್ಯಾರಿಫ್‌ನ ವ್ಯಾಖ್ಯಾನ ನಿಯಮ 2(ಎ) ಹಿಡಿಯಬಹುದಾ? ಅದರಲ್ಲಿ ಅಪೂರ್ಣ ವಸ್ತುವನ್ನೂ ಮುಗಿದ ವಸ್ತುವಿನ ಹೆಡಿಂಗ್‌ಗೇ ಹಾಕುತ್ತಾರೆ. ಕಷ್ಟ. ಬ್ಲ್ಯಾಂಕ್ ಅನ್ನಿಸಿಕೊಳ್ಳಬೇಕಾದರೆ ಮುಗಿದ ವಸ್ತುವಿನ ಆಕಾರ ಹೆಚ್ಚುಕಡಿಮೆ ಬಂದಿರಬೇಕು, ಆ ಒಂದು ವಸ್ತು ಮಾಡಲು ಬಿಟ್ಟು ಬೇರೆಯದಕ್ಕೆ ಸಾಮಾನ್ಯವಾಗಿ ಬರಬಾರದು. ನಿಮ್ಮ ಸರ್ಕಲ್ ಇನ್ನೂ ಪ್ರೆಸ್ ಮುಖ ನೋಡಿಲ್ಲ. ಅದರಲ್ಲಿ ಡಿಶ್ ಎಂಡೂ ಆಗಬಹುದು, ಪೈಪಿನ ಮುಚ್ಚಳವೂ ಆಗಬಹುದು.

ಬೇಸ್ ಪ್ಲೇಟ್ ಬೇರೆ ಕತೆ. ತೂತು ಇದ್ದ ಮಾತ್ರಕ್ಕೆ 72 ಬಿಟ್ಟು ಹೊರಗೆ ಬರಲ್ಲ, ತೂತು ಹೊಡೆದ ಶೀಟೂ ಫ್ಲಾಟ್ ರೋಲ್ಡ್ ಅಂತಲೇ ಅದೇ ಟಿಪ್ಪಣಿ ಹೇಳುತ್ತದೆ. ಆದರೆ ನಿಮ್ಮದು ಡ್ರಾಯಿಂಗ್ ಪ್ರಕಾರ ಅಳತೆಗೆ ಕತ್ತರಿಸಿದ್ದು, ಬೋಲ್ಟಿಗೆ, ಕೇಬಲ್ಲಿಗೆ ಅಂತಲೇ ತೂತು. ಕಂಬಕ್ಕೆ ಬೆಸುಗೆ ಹಾಕುವುದಷ್ಟೇ ಬಾಕಿ. ಅದು ಕಟ್ಟಡ, ಕಂಬಗಳ ರಚನೆಗೆ ಸಿದ್ಧ ಮಾಡಿದ ಪ್ಲೇಟ್ ಅಂತ 7308ಕ್ಕೆ ಹೋಗುತ್ತೋ, 7326ರಲ್ಲೇ ಉಳಿಯುತ್ತೋ, ಅದನ್ನು ವಾದಿಸಬಹುದು. 7208 ಅಂತ ಮಾತ್ರ ಒಪ್ಪಬೇಡಿ. ಡ್ರಾಯಿಂಗ್, ಪರ್ಚೇಸ್ ಆರ್ಡರ್, ಕಂಬದ ಜೊತೆ ಕೂಡಿಸಿದ ಫೋಟೋ, ಮೂರನ್ನೂ ಉತ್ತರದ ಜೊತೆ ಕೊಡಿ.

ಸೇಫ್‌ಗಾರ್ಡ್ ಬಗ್ಗೆ ಸುಮ್ನೆ ಹೆದರಬೇಡಿ. ಏಪ್ರಿಲ್ 21, 2025ರಿಂದ ಮೊದಲು 200 ದಿನಕ್ಕೆ ಶೇ 12 ಅಂತ ಹಾಕಿದ್ದ ಆ ಸುಂಕ ಎಲ್ಲದಕ್ಕೂ ಬರಲ್ಲ. ಹಾಟ್ ರೋಲ್ಡ್ ಶೀಟ್, ಪ್ಲೇಟಿನ ಸಿಐಎಫ್ ಬೆಲೆ ಟನ್ನಿಗೆ 675 ಡಾಲರ್ ಅಥವಾ ಮೇಲಿದ್ದರೆ ಸುಂಕ ಇಲ್ಲ. ಪ್ಲೇಟ್ ಮಿಲ್ ಪ್ಲೇಟ್ ಆದರೆ 695. ನಿಮ್ಮದು 780. ಬೆಲೆಯನ್ನು ಬ್ಯಾಂಕ್ ಪೇಪರ್ ಜೊತೆ ತೋರಿಸಿ, ಆಯಿತು.

ನಿಜವಾದ ತಲೆನೋವು ಬಿಐಎಸ್. 7208 ಅಂತ ಆದರೆ ಬಿಐಎಸ್ ಲೈಸೆನ್ಸ್ ಇರುವ ಮಿಲ್ಲಿನ ಮಾಲೇ ಬರಬೇಕು ಅನ್ನುವ ಗುಣಮಟ್ಟ ನಿಯಂತ್ರಣ ಆದೇಶ ತಗಲಿಕೊಳ್ಳುತ್ತದೆ. ಮಿಲ್ ಟೆಸ್ಟ್ ಸರ್ಟಿಫಿಕೇಟ್‌ನಲ್ಲಿ ಗ್ರೇಡ್ ಏನಿದೆ, ಆ ಮಿಲ್ಲಿಗೆ ಲೈಸೆನ್ಸ್ ಇದೆಯಾ? ಮೊದಲು ಅದನ್ನು ಹೇಳಿ.

ಲೆಕ್ಕದ ಪುಸ್ತಕ:
ಬ್ರೋಕರ್ ಸಾಹೇಬರ ಮಾತಿಗೆ ಎರಡು ಸೇರಿಸುತ್ತೇನೆ. ಇನ್ವಾಯ್ಸ್‌ನ ಕೋಡ್ ನೋಡಿ ಬರೆದೆ ಅನ್ನುವುದು ಇಲ್ಲಿ ನಡೆಯಲ್ಲ. ಮೊದಲ 6 ಅಂಕಿ ಮಾತ್ರ ಎಲ್ಲ ದೇಶಕ್ಕೂ ಒಂದೇ, ಅದೂ ಸಪ್ಲೈಯರ್ ಸರಿಯಾಗಿ ಹಾಕಿದ್ದರೆ. ಕಸ್ಟಮ್ಸ್ ಕಾಯ್ದೆ ಸೆಕ್ಷನ್ 17ರ ಪ್ರಕಾರ ಸುಂಕದ ಲೆಕ್ಕ ಹಾಕುವ ಜವಾಬ್ದಾರಿ ಆಮದುದಾರರದ್ದೇ. ಸಿಮ್ಸ್ (ಉಕ್ಕು ಆಮದಿನ ಮುಂಗಡ ನೋಂದಣಿ ವ್ಯವಸ್ಥೆ) ನೋಂದಣಿಯನ್ನೂ 7326ಕ್ಕೇ ಮಾಡಿಸಿರುತ್ತೀರಿ, ಹೆಡಿಂಗ್ ಬದಲಾದರೆ ಅದನ್ನೂ ಸರಿಮಾಡಿಸಿಕೊಳ್ಳಿ.

ದಿನಬಾಡಿಗೆ ಏರುತ್ತಿದ್ದರೆ ಸೆಕ್ಷನ್ 49ರಲ್ಲಿ ಮಾಲನ್ನು ಗೋದಾಮಿಗೆ ಸಾಗಿಸಲು ಅರ್ಜಿ ಕೊಡಿ, 30 ದಿನ ಸಿಗುತ್ತದೆ.

ಪೀಣ್ಯದ ಶೆಡ್:
ಸರ್ಟಿಫಿಕೇಟ್ ನಿನ್ನೆ ರಾತ್ರಿ ಬಂತು. ಗ್ರೇಡ್ ಕ್ಯೂ235ಬಿ. ಮಿಲ್ಲಿಗೆ ಬಿಐಎಸ್ ಲೈಸೆನ್ಸ್ ಇದೆಯಾ ಅಂದರೆ ಸಪ್ಲೈಯರ್ "ಯಾವ ಬಿಐಎಸ್?" ಅಂತ ನನ್ನನ್ನೇ ಕೇಳುತ್ತಿದ್ದಾನೆ.

ಹಳೇ ಬ್ರೋಕರ್:
ಹಾಗಾದರೆ ಸರ್ಕಲ್ಲನ್ನು ವಾಪಸ್ ಕಳಿಸುವ ದಾರಿಯೂ ಮನಸ್ಸಿನಲ್ಲಿರಲಿ. ಬೇಸ್ ಪ್ಲೇಟನ್ನು ಅದಕ್ಕೆ ಕಟ್ಟಿಹಾಕಬೇಡಿ. ವಿವಾದ ಎಳೆದರೆ ಸೆಕ್ಷನ್ 18ರಲ್ಲಿ ಬಾಂಡ್ ಕೊಟ್ಟು ತಾತ್ಕಾಲಿಕವಾಗಿ ಬಿಡಿಸಿಕೊಳ್ಳಲು ಕೇಳಿ. ಅದೂ ಆಗದೆ ಅಧಿಕಾರಿ 7208 ಅಂತಲೇ ತೀರ್ಮಾನಿಸಿದರೆ ನೀವು ಬರಹದಲ್ಲಿ ಒಪ್ಪಬೇಡಿ. ನೀವು ಒಪ್ಪದಿದ್ದರೆ ಅಧಿಕಾರಿ 15 ದಿನದೊಳಗೆ ಕಾರಣ ಬರೆದು ಆದೇಶ ಕೊಡಬೇಕು. ಮೇಲ್ಮನವಿಗೆ ಆ ಕಾಗದವೇ ಬೇಕು.

ಮುಂದಿನ ಸಲ ಆರ್ಡರ್ ಹಾಕುವ ಮೊದಲೇ ಅಡ್ವಾನ್ಸ್ ರೂಲಿಂಗ್ (ಯಾವ ಹೆಡಿಂಗ್ ಅಂತ ಮುಂಚೆಯೇ ಸಿಗುವ ಅಧಿಕೃತ ತೀರ್ಮಾನ) ಕೇಳಿ. ಫೀಸು 10,000 ರೂಪಾಯಿ. ನಿಮ್ಮ ಈಗಿನ ದಿನಬಾಡಿಗೆ ಎಷ್ಟಾಗಿದೆ?

ಪೀಣ್ಯದ ಶೆಡ್:
ಅದನ್ನು ಕೇಳಬೇಡಿ ಸಾರ್. ಡ್ರಾಯಿಂಗ್ ಸ್ಕ್ಯಾನ್ ಮಾಡಿಸುತ್ತಿದ್ದೇನೆ, ಸಂಜೆಯೊಳಗೆ ಉತ್ತರ ಹಾಕುತ್ತೇನೆ.