ಮೂತಿ ಇಲ್ಲದ ಎಮ್ಮೆ

ಭಾನುವಾರ ಬೆಳಗ್ಗೆ ಹಾಸನದ ಮಹಾರಾಜ ಪಾರ್ಕಿನಲ್ಲಿ ನಾವು ನಾಲ್ಕು ಜನ ವಾಕಿಂಗ್ ಮಾಡುತ್ತೇವೆ. ಗೇಟಿನಿಂದ ಬೆಂಚಿನವರೆಗೆ. ಆಮೇಲಿನ ವ್ಯಾಯಾಮವೆಲ್ಲ ಬಾಯಿಗೆ.

ನಾಲ್ವರಲ್ಲಿ ಮೇಷ್ಟ್ರು ಹಿರಿಯರು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಟ್ಟು ರಿಟೈರ್ ಆದವರು. ಈಗಲೂ ಏನನ್ನು ನೋಡಿದರೂ ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಎತ್ತಿ ಅಳತೆ ಹಿಡಿಯುತ್ತಾರೆ. ಇಡ್ಲಿಯನ್ನೂ. ಎರಡನೆಯವನು ಪ್ಲಾಂಟರ್. ಸಕಲೇಶಪುರದ ಕಡೆ ಅವನಿಗೆ ಮೂರು ಎಕರೆ ಕಾಫಿ ಇದೆ, ಮಾತು ಮಾತ್ರ ಮುನ್ನೂರು ಎಕರೆಯದು. ಮೂರನೆಯವನು ಡ್ರೋನು.

ಡ್ರೋನು ಅಂದರೆ ಅವನ ಹೆಸರೇ ಅದು ಅಂತಾಗಿಬಿಟ್ಟಿದೆ. ಕಾರಣ ಮಂಜರಾಬಾದ್ ಕೋಟೆ. 1792ರಲ್ಲಿ ಟಿಪ್ಪು ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರ ಅದು. ಒಳಗೆ ನಿಂತರೆ ಬರೀ ಗೋಡೆ, ಗೋಡೆಯ ಪಕ್ಕ ಇನ್ನೊಂದು ಗೋಡೆ. ನಕ್ಷತ್ರ ಕಾಣಬೇಕೆಂದರೆ ಹದ್ದಾಗಬೇಕು, ಇಲ್ಲವೇ ಡ್ರೋನ್ ಇಟ್ಟುಕೊಳ್ಳಬೇಕು. ಇವನು ಕಂತಿನಲ್ಲಿ ಡ್ರೋನ್ ತಂದ. ತಾಲೀಮಿಗೆಂದು ಮೊದಲು ಪ್ಲಾಂಟರ್ ತೋಟದ ಮೇಲೆ ಹಾರಿಸಿದ. ಅಲ್ಲಿ ನಿಜವಾದ ಹದ್ದೇ ಬಂತು. ಈಗ ಆ ಡ್ರೋನ್ ಒಂದು ಸಿಲ್ವರ್ ಓಕ್ ಮರದ ತುದಿಯಲ್ಲಿದೆ. ಮೆಣಸು ಕುಯ್ಯಲು ಬಂದವರು ಏಣಿ ಅಷ್ಟು ಎತ್ತರ ಹೋಗುವುದಿಲ್ಲ ಅಂತ ಕೈಮುಗಿದರು. ಕಂತು ಇನ್ನೂ ಇದೆ.

ಮೊನ್ನೆ ಭಾನುವಾರ ಈ ಡ್ರೋನು ಮೊಣಕಾಲವರೆಗೆ ಕೆಸರು ಮಾಡಿಕೊಂಡು ಬಂದ. ಕಣ್ಣು ಕೆಂಪಗಾಗಿತ್ತು.

"ಶೆಟ್ಟಿಹಳ್ಳಿಗೆ ಹೋಗಿದ್ದೆ. ಐದು ಗಂಟೆಗೇ."

"ಚರ್ಚಿಗಾ? ಪಾಪ ಮಾಡಿದ್ದು ಯಾವಾಗ?" ಅಂದ ಪ್ಲಾಂಟರ್.

ಗೊರೂರು ಹಿನ್ನೀರಿನ ಆ ಪಾಳು ಚರ್ಚು ಗೊತ್ತಲ್ವಾ? 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಹೇಮಾವತಿಗೆ ಅಣೆಕಟ್ಟು ಬಂದು, 1979ರ ಹೊತ್ತಿಗೆ ಊರು ಖಾಲಿಯಾಯಿತು, ಚರ್ಚು ಉಳಿಯಿತು. ಮಳೆಗಾಲ ಮುಗಿಯುವಾಗ ಅರ್ಧ ಮುಳುಗಿರುತ್ತದೆ. ಬೇಸಿಗೆಯಲ್ಲಿ ಒಳಗೆಲ್ಲ ನಡೆದಾಡಬಹುದು. ಹಾಸನಾಂಬೆ ವರ್ಷಕ್ಕೊಮ್ಮೆ ಬಾಗಿಲು ತೆರೆಯುತ್ತಾಳೆ, ಇದು ವರ್ಷಕ್ಕೊಮ್ಮೆ ಮುಚ್ಚಿಕೊಳ್ಳುತ್ತದೆ. ಅದರ ಗಾರೆಗೆ ಬೆಲ್ಲ, ಮೊಟ್ಟೆ ಎಲ್ಲ ಹಾಕಿದ್ದಾರೆ ಅಂತ ಹೇಳುವುದುಂಟು.

"ಬೆಲ್ಲ, ಮೊಟ್ಟೆ ಹಾಕಿದರೆ ಅದು ಕೇಕು ಕಣೋ. ಅದಕ್ಕೇ ನೀರಲ್ಲಿ ನೆನೆಯುತ್ತಿದೆ," ಅಂದ ಪ್ಲಾಂಟರ್.

ಡ್ರೋನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವನ ತಲೆಯಲ್ಲಿ ಬೊಲಿವಿಯಾ ಇತ್ತು. ಅಲ್ಲಿ ಉಯುನಿ ಅಂತ ಒಂದು ಉಪ್ಪಿನ ಬಯಲು. ಹತ್ತು ಸಾವಿರ ಚದರ ಕಿಲೋಮೀಟರಿಗೂ ಜಾಸ್ತಿ, ನಮ್ಮ ಹಾಸನ ಜಿಲ್ಲೆಗಿಂತ ದೊಡ್ಡದು. ಮಳೆ ಬಂದು ಅದರ ಮೇಲೆ ತೆಳುವಾಗಿ ನೀರು ನಿಂತರೆ ಇಡೀ ಬಯಲೇ ಕನ್ನಡಿ. ಕಾಲಿನ ಕೆಳಗೂ ಮೋಡ, ತಲೆಯ ಮೇಲೂ ಮೋಡ. ಬೊಲಿವಿಯಾಕ್ಕೆ ಟಿಕೆಟ್ ಇಲ್ಲ, ಶೆಟ್ಟಿಹಳ್ಳಿಗೆ ಬೈಕ್ ಇದೆ.

"ಗಾಳಿ ಇರಲಿಲ್ಲ. ನೀರು ಗಾಜಿನ ಹಾಗೆ. ಲೆನ್ಸಿಗೆ ಕಪ್ಪು ಫಿಲ್ಟರ್ ಹಾಕಿ 20 ಸೆಕೆಂಡು ತೆರೆದಿಟ್ಟೆ. ಆಗ ಬಂತು."

"ಏನು?"

ಅವನು ಕ್ಯಾಮೆರಾ ತಿರುಗಿಸಿ ತೋರಿಸಿದ. ನಾಲ್ಕು ತಲೆ ಒಂದು ಅಂಗೈಯಗಲದ ಪರದೆಗೆ ಬಗ್ಗಿದವು.

ಚೆನ್ನಾಗಿಯೇ ಇತ್ತು. ಸುಳ್ಳು ಹೇಳಬಾರದು. ಬೂದು ಮಂಜಿನೊಳಗೆ ಕಮಾನುಗಳು. ಗೋಡೆಯ ನೆತ್ತಿಯ ಮೇಲೆ ಒಂದು ಹಿಡಿ ಹುಲ್ಲು. ಕೆಳಗೆ ನೀರಿನಲ್ಲಿ ಅದೇ ಕಮಾನುಗಳು ತಲೆಕೆಳಗಾಗಿ. ಆ ತಲೆಕೆಳಗಿನ ಕಮಾನಿನ ಸರಿಯಾಗಿ ನಡುವೆ, ಹೊಟ್ಟೆಮಟ್ಟ ನೀರಿನಲ್ಲಿ, ಒಂದು ಎಮ್ಮೆ. ಬೆನ್ನಿನ ಮೂಳೆ, ಅಂಟಿಕೊಂಡ ಕೆಸರು, ಕೊಂಬಿನ ಗೆರೆಗಳು ಎಲ್ಲವೂ ಎಣಿಸುವಷ್ಟು ಸ್ಪಷ್ಟ. ಮೂತಿ ಇರಬೇಕಾದ ಕಡೆ ಮಾತ್ರ ಒಂದಿಷ್ಟು ಹೊಗೆ.

"ಇದಕ್ಕೆ ಮೂತಿ ಯಾಕಿಲ್ಲ?" ಅಂತ ಕೇಳಿದೆ.

"ಮೆಲುಕು ಹಾಕುತ್ತಿತ್ತು."

ನಾವು ನಕ್ಕದ್ದಕ್ಕೆ ಪಕ್ಕದ ಬೆಂಚಿನಲ್ಲಿ ಪ್ರಾಣಾಯಾಮ ಮಾಡುತ್ತಿದ್ದವರು ಉಸಿರು ಬಿಟ್ಟರು.

ಮೇಷ್ಟ್ರು ನಗಲಿಲ್ಲ. "ಇದು ಹಳೇ ಕತೆ," ಅಂದರು. "1838ರಲ್ಲಿ ಪ್ಯಾರಿಸ್ಸಿನಲ್ಲಿ ಡಾಗೇರ್ ಅನ್ನುವವನು ಒಂದು ಬೀದಿಯ ಚಿತ್ರ ತೆಗೆದ. ಆಗ ಒಂದು ಚಿತ್ರ ಮೂಡಲು ನಿಮಿಷಗಟ್ಟಲೆ ಬೆಳಕು ಬೀಳಬೇಕಿತ್ತು. ಬೀದಿ ತುಂಬ ಜನ, ಕುದುರೆಗಾಡಿ. ಚಿತ್ರದಲ್ಲಿ ನೋಡಿದರೆ ಬೀದಿ ಖಾಲಿ. ಅಲ್ಲಾಡಿದವರೆಲ್ಲ ಅಳಿಸಿಹೋಗಿದ್ದರು. ಮೂಲೆಯಲ್ಲಿ ಒಬ್ಬ ಮಾತ್ರ ಉಳಿದ. ಯಾಕೆ ಹೇಳಿ?"

"ಪೊಲೀಸ್?" ಅಂದೆ.

"ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಾ ಒಂದೇ ಕಡೆ ನಿಂತಿದ್ದ. ಫೋಟೋದಲ್ಲಿ ಸಿಕ್ಕಿಬಿದ್ದ ಮೊದಲ ಮನುಷ್ಯರಲ್ಲಿ ಅವನೊಬ್ಬ. ಅವನಿಗೆ ಅದು ಗೊತ್ತೇ ಆಗಲಿಲ್ಲ."

ಪ್ಲಾಂಟರ್ ಗಂಭೀರನಾದ. "ಹಾಗಾದರೆ ನನ್ನ ಪಹಣಿ ತಿದ್ದುಪಡಿ ಅರ್ಜಿ ಇರುವ ಕಚೇರಿಯ ಫೋಟೋ ತೆಗೆಯಬೇಕು ಮೇಷ್ಟ್ರೇ. ಒಂದು ಗಂಟೆ ತೆರೆದಿಟ್ಟರೂ ಎಲ್ಲರೂ ಸ್ಪಷ್ಟವಾಗಿ ಬರುತ್ತಾರೆ. ನನ್ನ ಅರ್ಜಿಯೂ."

ಕಾಫಿ ಬಂತು. ಡ್ರೋನು ಕುಡಿಯಲಿಲ್ಲ. ಅವನ ಪ್ರಶ್ನೆ ಒಂದೇ. ಎಮ್ಮೆಯನ್ನು ಅಳಿಸಲಾ, ಬೇಡವಾ? ಈಗ ಫೋನಿನಲ್ಲೇ ಬೆರಳಿನಿಂದ ಉಜ್ಜಿದರೆ ಎಮ್ಮೆ ಮಾಯ, ನೀರು ಹಾಜರು.

"ಅಳಿಸು," ಅಂದ ಪ್ಲಾಂಟರ್. "ಮೇಷ್ಟ್ರೇ, ನೀವೇ ಹೇಳಿದ್ದಿರಲ್ಲ, ಆ ಜರ್ಮನ್ ನದಿಯವನ ಕತೆ?"

ಮೇಷ್ಟ್ರಿಗೆ ಇದು ಇಕ್ಕಟ್ಟು. ಕತೆ ಹೇಳಿದ್ದು ಅವರೇ. ಆಂದ್ರಿಯಾಸ್ ಗುರ್ಸ್ಕಿ ಅಂತ ಜರ್ಮನಿಯ ಫೋಟೋಗ್ರಾಫರ್. 1999ರಲ್ಲಿ ರೈನ್ ನದಿಯ ಒಂದು ದೊಡ್ಡ ಚಿತ್ರ ಮಾಡಿದ. ಹಸಿರು ಹುಲ್ಲು, ಬೂದು ನೀರು, ಮತ್ತೆ ಹಸಿರು, ಮೇಲೆ ಬೂದು ಆಕಾಶ. ಅಷ್ಟೇ. ನಿಜವಾದ ದಡದ ಮೇಲೆ ಕಾರ್ಖಾನೆಯ ಕಟ್ಟಡ ಇತ್ತು, ನಾಯಿ ಕರೆದುಕೊಂಡು ಓಡಾಡುವವರೂ ಇದ್ದರು. ಎಲ್ಲವನ್ನೂ ಕಂಪ್ಯೂಟರಿನಲ್ಲಿ ತೆಗೆದುಹಾಕಿದ. 2011ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದಕ್ಕೆ 43 ಲಕ್ಷ ಡಾಲರ್ ಬಂತು. ನಮ್ಮ ದುಡ್ಡಿನಲ್ಲಿ ಆಗಲೇ 20 ಕೋಟಿ ದಾಟುತ್ತದೆ.

"ನೋಡಿ, ಇದ್ದುದನ್ನು ಅಳಿಸಿದ್ದಕ್ಕೆ 20 ಕೋಟಿ," ಅಂದ ಪ್ಲಾಂಟರ್. "ನಾಯಿ ಅಳಿಸಿದರೆ ಅಷ್ಟು. ಎಮ್ಮೆ ಎಷ್ಟು ದೊಡ್ಡದು ಲೆಕ್ಕ ಹಾಕಿ."

"ಆ ಕಂಪ್ಯೂಟರಿನ ಹಸಿರು ಗುಡ್ಡವನ್ನೂ ತಿದ್ದಿದ್ದಾರಂತೆ ಅಲ್ವಾ?" ಅಂತ ನಾನು ಬಾಯಿ ಹಾಕಿದೆ. ಬಾಯಿ ಹಾಕಬಾರದಿತ್ತು.

ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಆನ್ ಮಾಡಿದರೆ ಪರದೆ ತುಂಬ ಕಾಣುತ್ತಿದ್ದ ಗುಡ್ಡ. ಅದು ಮುಳ್ಳಯ್ಯನಗಿರಿ ಹತ್ತಿರದ್ದೇ ಅಂತ ನಾನು ಎಷ್ಟೋ ವರ್ಷ ನಂಬಿದ್ದೆ. ನಮ್ಮ ಆಫೀಸಿನಲ್ಲಿ ಒಬ್ಬರು ಆ ಗುಡ್ಡದ ಹಿಂದೆ ತಮ್ಮ ಮಾವನ ತೋಟ ಇದೆ ಅಂತಲೂ ಹೇಳುತ್ತಿದ್ದರು.

"ತಿದ್ದಿಲ್ಲ," ಅಂದ ಡ್ರೋನು. "ತೆಗೆದವರು ಚಾರ್ಲ್ಸ್ ಓ'ರಿಯರ್. 1996ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ ಗೆಳತಿಯನ್ನು ನೋಡಲು ಹೊರಟಿದ್ದರು. ಆಗತಾನೆ ಮಳೆ ನಿಂತಿತ್ತು. ಕಾರು ನಿಲ್ಲಿಸಿ ತೆಗೆದರು. ಹಾಕಿದ್ದು ವೆಲ್ವಿಯಾ ಫಿಲ್ಮು, ಹಸಿರನ್ನು ಇನ್ನಷ್ಟು ಹಸಿರು ಮಾಡುವ ಫಿಲ್ಮು ಅದು. ಆದರೆ ಗುಡ್ಡ ಅಷ್ಟು ನುಣ್ಣಗಿತ್ತಲ್ಲ, ಯಾಕೆ ಗೊತ್ತಾ? ಅದು ದ್ರಾಕ್ಷಿ ತೋಟ. ಬೇರು ಹೀರುವ ಒಂದು ಸಣ್ಣ ಹುಳ ಬಿದ್ದು ಬಳ್ಳಿ ಎಲ್ಲ ಕಿತ್ತುಹಾಕಿದ್ದರು. ಅಲ್ಲಿ ಬರೀ ಹುಲ್ಲು ಬಂದಿತ್ತು."

ಪ್ಲಾಂಟರ್ ಲೋಟ ಕೆಳಗಿಟ್ಟ.

"ಹುಳ ಬಿದ್ದು ಕಿತ್ತರಾ?"

"ಹೌದು."

"ನನ್ನ ಅರೇಬಿಕಾಕ್ಕೆ ಬಿಳಿ ಕಾಂಡಕೊರಕ ಬಂದು ನಾನೂ ಕಿತ್ತೆ. ಒಂದೊಂದು ಗಿಡದ ಕಾಂಡ ಮುಟ್ಟಿ ನೋಡಿ, ಉಬ್ಬಿದ ಗೆರೆ ಹುಡುಕಿ, ಬೇರುಸಹಿತ ಕಿತ್ತು ಸುಟ್ಟೆ. ಅಲ್ಲೂ ಹುಲ್ಲು ಬಂತು. ಹಸಿರಾಗಿಯೇ ಬಂತು. ಮಳೆಯೂ ನಿಂತಿತ್ತು. ಯಾರಾದರೂ ಕಾರು ನಿಲ್ಲಿಸಿದರಾ? ಒಬ್ಬ ಬಂದ. ಫೋಟೋನೂ ತೆಗೆದ. ಸಾಲದ ಫೈಲಿಗೆ ಬೇಕಂತೆ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಗಬೇಕೋ ಬೇಡವೋ ಅಂತ ನಾವು ಅವನ ಮುಖ ನೋಡಿದೆವು. ಅವನೇ ಮೊದಲು ನಕ್ಕ.

ಮೇಷ್ಟ್ರು ಈ ಸಂದು ನೋಡಿ ಬೇಲೂರಿಗೆ ಹೊರಟರು. ಅವರು ಎಲ್ಲಿಂದ ಹೊರಟರೂ ಬೇಲೂರಿಗೇ ತಲುಪುವುದು. ನಮ್ಮಲ್ಲೊಂದು ನಿಯಮ ಇದೆ. ದರ್ಪಣ ಸುಂದರಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದಾಳೆ ಅನ್ನುವ ಜೋಕು ಹೇಳಿದವನು ಆ ದಿನದ ಕಾಫಿ ಬಿಲ್ ಕೊಡಬೇಕು. ಆದ್ದರಿಂದ ಎಲ್ಲರೂ ಹುಷಾರಾಗಿ ಕೂತೆವು.

"ಚನ್ನಕೇಶವನ ಗುಡಿ 1117ರದು," ಅಂದರು ಮೇಷ್ಟ್ರು. "ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. ಅದಕ್ಕೇ ಉಗುರು, ಬಳೆ, ಜಡೆ ಎಲ್ಲ ಬಿಡಿಬಿಡಿ ಕೆತ್ತಿದ್ದಾರೆ. ಒಬ್ಬ ಮದನಿಕೆಯ ಮೇಲಿನ ಬಳ್ಳಿ ಚಪ್ಪರ ನೋಡಿದ್ದೀಯಾ? ಅಲ್ಲೊಂದು ಹಣ್ಣು. ಹಣ್ಣಿನ ಮೇಲೆ ಒಂದು ನೊಣ. ನೊಣಕ್ಕೆ ಹೊಂಚು ಹಾಕಿರುವ ಒಂದು ಹಲ್ಲಿ. ಬಂದವರು ನೋಡುವುದು ಮದನಿಕೆಯನ್ನು. ನೊಣವನ್ನು ಯಾರು ಕೇಳಿದ್ದರು? ಕೆತ್ತದಿದ್ದರೆ ವಿಷ್ಣುವರ್ಧನ ಕೂಲಿ ಹಿಡಿಯುತ್ತಿದ್ದನಾ? ಆದರೂ ಶಿಲ್ಪಿ ಕೆತ್ತಿದ. ಅವನು ಉಳಿ ಹಿಡಿದು ನೊಣ ಕೂರಿಸಿದ. ನೀನು ಬೆರಳು ಹಿಡಿದು ಎಮ್ಮೆ ಓಡಿಸುತ್ತೀಯ."

ಡ್ರೋನು ತಬ್ಬಿಬ್ಬಾದ. "ಎಮ್ಮೆ ಇದ್ದರೂ ಪರವಾಗಿಲ್ಲ ಮೇಷ್ಟ್ರೇ, ಮೂತಿ ಇದ್ದಿದ್ದರೆ..."

"ಇನ್ನೊಂದು. ನಿನ್ನ ಹೋದ ಸಲದ ಚಿತ್ರ ನೋಡಿದೆ. ನಿನ್ನ ಹೆಸರು ಆಕಾಶದ ಈ ತುದಿಯಿಂದ ಆ ತುದಿವರೆಗೆ ಇತ್ತು. ಬಳ್ಳಿಗಾವೆಯ ದಾಸೋಜ ಮದನಿಕೆ ಮಾಡಿ ತನ್ನ ಹೆಸರನ್ನು ಪೀಠದಲ್ಲಿ, ಕಾಲ ಕೆಳಗೆ ಹಾಕಿದ. ಒಂಬೈನೂರು ವರ್ಷ ಆಯಿತು, ಇನ್ನೂ ಓದುತ್ತಿದ್ದೇವೆ."

"ಕದಿಯುತ್ತಾರೆ ಮೇಷ್ಟ್ರೇ, ಅದಕ್ಕೆ ದೊಡ್ಡದಾಗಿ ಹಾಕಿದ್ದು."

"ಎಮ್ಮೆ ಇರುವ ಫೋಟೋ ಯಾರೂ ಕದಿಯಲ್ಲ, ಧೈರ್ಯವಾಗಿರು," ಅಂದ ಪ್ಲಾಂಟರ್.

ಆಗ ಡ್ರೋನು ಹೇಳಬಾರದು ಅಂದುಕೊಂಡಿದ್ದನ್ನು ಹೇಳಿದ. ದಡದಲ್ಲಿ ಎಮ್ಮೆಯ ಯಜಮಾನ ಇದ್ದನಂತೆ. ವಯಸ್ಸಾದವರು, ತಲೆಗೆ ಟವೆಲು. ಇವನು ಮೂರು ಕಾಲಿನ ಸ್ಟ್ಯಾಂಡ್ ನೆಟ್ಟು ಕಣ್ಣಿಟ್ಟು ನೋಡುತ್ತಿರುವುದನ್ನು ಕಂಡು ಹತ್ತಿರ ಬಂದರು.

"ಸರ್ವೆಯಾ ಸಾಮಿ?"

"ಅಲ್ಲ ತಾತ, ಫೋಟೋ."

"ಪರಿಹಾರ ಏನಾದರೂ ಬಾಕಿ ಕೊಡುತ್ತಾರಾ?"

"ಇಲ್ಲ ತಾತ, ಸುಮ್ನೆ ಫೋಟೋ."

ತಾತನಿಗೆ ನಂಬಿಕೆ ಬರಲಿಲ್ಲ. ಸುಮ್ನೆ ಫೋಟೋ ತೆಗೆಯಲು ಯಾರಾದರೂ ಈ ಚಳಿಯಲ್ಲಿ ಕೆಸರಿಗೆ ಇಳಿಯುತ್ತಾರಾ? ಯಾವುದಕ್ಕೂ ಇರಲಿ ಅಂತ ಬೀಡಿ ಹಚ್ಚಿಕೊಂಡು ಇವನಿಗೆ ಚೆಕ್ಕುಬಂದಿ ಹೇಳಲು ಶುರು ಮಾಡಿದರು. ಪೂರ್ವಕ್ಕೆ ಇಂಥವರ ಗದ್ದೆ, ಪಶ್ಚಿಮಕ್ಕೆ ಗಾಡಿ ದಾರಿ, ಉತ್ತರಕ್ಕೆ ಇಗರ್ಜಿ. ಬೆರಳು ತೋರಿಸಿದ ಕಡೆಯೆಲ್ಲ ಬರೀ ನೀರು. ಇವನು ಹೂಂ ಹೂಂ ಅನ್ನುತ್ತಾ ಸೆಕೆಂಡು ಎಣಿಸುತ್ತಿದ್ದ. ಹದಿನಾರಕ್ಕೆ ಬಂದಾಗ ತಾತ ಅಂದರಂತೆ, "ಎಮ್ಮೆ ನಿಂತಿದೆಯಲ್ಲ, ಅದೇ ನಮ್ಮ ಹಿತ್ತಲು."

ಮೇಷ್ಟ್ರು ಕ್ಯಾಮೆರಾ ಇಸಿದುಕೊಂಡರು. ಒಂದು ಕಣ್ಣು ಮುಚ್ಚಿದರು. ಹೆಬ್ಬೆರಳನ್ನು ಪರದೆಯ ಮೇಲೆ ಇಟ್ಟು ಎಮ್ಮೆಯನ್ನು ಮರೆಮಾಡಿದರು, ತೆಗೆದರು, ಮತ್ತೆ ಮರೆಮಾಡಿದರು. ಏನೂ ಹೇಳಲಿಲ್ಲ. ವಾಪಸು ಕೊಟ್ಟರು.

"ಹಾಗಾದರೆ ಎಮ್ಮೆ ತನ್ನ ಜಾಗದಲ್ಲೇ ನಿಂತಿದೆ ಕಣೋ," ಅಂದ ಪ್ಲಾಂಟರ್. "ನೀನೇ ಒತ್ತುವರಿ."

ಒತ್ತುವರಿ ಅನ್ನುವ ಮಾತು ಕೇಳಿದ್ದೇ ತಡ, ನಾವು ಮೂವರೂ ತಿರುಗಿ ಪ್ಲಾಂಟರನ್ನೇ ನೋಡಿದೆವು. ಅವನ ಮೂರು ಎಕರೆಯಲ್ಲಿ ಪಹಣಿಗೆ ಹತ್ತಿದ್ದು ಎಷ್ಟು ಅಂತ ನಮಗೆಲ್ಲ ಗೊತ್ತು.

ಅವನು ಖಾಲಿ ಲೋಟದೊಳಗೆ ನೋಡತೊಡಗಿದ. ಆಮೇಲೆ ಜೇಬಿಗೆ ಕೈ ಹಾಕಿ, "ದರ್ಪಣ ಸುಂದರಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದಾಳೆ," ಅಂದು ಕಾಫಿ ಬಿಲ್ ಕೊಡಲು ಎದ್ದುಹೋದ.