ಅಪ್‌ಡೇಟ್: ಮಳೆಗಾಲಕ್ಕೆ ವೀಣೆಗೊಂದು ಜಾಗ ಆಯ್ತು

ಉಡುಪಿಯ ನಮ್ಮ ಮನೆಯಲ್ಲಿ ಮಳೆ ಹಿಡಿದರೆ ವೀಣೆಯ ತಂತಿಗೆ ತುಕ್ಕು, ಚೀಲಕ್ಕೆ ಬೂಷ್ಟು. ಮನೆಯಲ್ಲೇ ಏನಾದ್ರೂ ಮಾಡಿಕೊಳ್ಳಬಹುದಾ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಕೈಹಿಡಿದದ್ದು ಮರದ ಬೆಂಚಿನ ಐಡಿಯಾ. ಆಚಾರಿ ಹಳೇ ಮಂಚದ ಹಲಗೆಯಲ್ಲೇ ಮಾಡಿಕೊಟ್ಟರು. ಅರ್ಧಚಂದ್ರಾಕಾರದಲ್ಲಿ ಕೊರೆದ ಎರಡು ತೊಟ್ಟಿಲು, ಒಂದು ಕೊಡದ (ವೀಣೆಯ ದುಂಡನೆಯ ದೊಡ್ಡ ಬುಡ) ಅಡಿಗೆ, ಇನ್ನೊಂದು ದಂಡಿಗೆ (ಅದರ ಉದ್ದನೆಯ ಕತ್ತು). ಒಳಗೆ ಹತ್ತಿಬಟ್ಟೆಯ ಮೆತ್ತೆ. ಹೊರಗೋಡೆಗೆ ತಾಗದ ಹಾಗೆ ಇಟ್ಟು ಮೇಲೆ ಅಮ್ಮನ ಕಾಟನ್ ಸೀರೆ ಹೊದಿಸಿದ್ದೇವೆ. ಗಾಳಿಯಾಡುತ್ತೆ, ಬೂಷ್ಟು ಮತ್ತೆ ಬಂದಿಲ್ಲ.

ತೇವ ಹೀರೋ ಸಿಲಿಕಾ ಜೆಲ್ ಪೊಟ್ಟಣ ತೆರೆದ ಕೋಣೆಯಲ್ಲಿ ದಂಡ, ಮುಚ್ಚಿದ ಪೆಟ್ಟಿಗೆ ಇದ್ದರೆ ಮಾತ್ರ ಸರಿ. ಅಕ್ಕಿ ಗಂಟು ಇಡಿ ಅಂದವರೇ, ನಮ್ಮಲ್ಲಿ ಇರುವೆ ಮೆರವಣಿಗೆ ಬಂತು! ಕಪಾಟಿನೊಳಗೆ ಬಲ್ಬ್ ಉರಿಸೋ ಸಲಹೆಯನ್ನ ಟೀಚರ್ ಕೇಳಿದ ಕೂಡಲೇ ಬೇಡ ಅಂದರು. ವೀಣೆಯ ಮೆಟ್ಟಿಲುಗಳು (ತಂತಿ ಒತ್ತಿ ಸ್ವರ ಹಿಡಿಯೋ ಲೋಹದ ಪಟ್ಟಿಗಳು) ಕೂತಿರೋದು ಮೇಣದ ಮೇಲೆ, ಬಿಸಿಗೆ ಅದು ಮೆತ್ತಗಾದರೆ ಶ್ರುತಿಯ ಕಥೆ ಮುಗೀತು.

ಗೊತ್ತೇ ಇರದಿದ್ದ ಸಂಗತಿ: ದಂಡಿಯ ಕೆಳಗಿನ ಸೋರೆಬುರುಡೆಯನ್ನ ತಿರುಗಿಸಿ ಬಿಚ್ಚಿಡಬಹುದು! ಈಗ ಅದು ಬೇರೆ ಬುಟ್ಟಿಯಲ್ಲಿದೆ, ಬೆಂಚಿಗೆ ಜಾಗವೂ ಉಳೀತು. ಇನ್ನು ತುಕ್ಕಿಗೆ ಮಳೆಯಷ್ಟೇ ಕಾರಣ ಅಲ್ಲ, ಕೈಬೆವರೂ ಹೌದು. ನುಡಿಸಿದ ಮೇಲೆ ಸಾರಣಿ, ಪಂಚಮ ಅನ್ನೋ ಉಕ್ಕಿನ ತಂತಿಗಳನ್ನ ಒಣಬಟ್ಟೆಯಲ್ಲಿ ಒರೆಸ್ತೇನೆ.

ಅಳತೆ ಬೇಕಾದವರಿಗೆ: ಬೆಂಚು ನಾಲ್ಕೂವರೆ ಅಡಿ ಉದ್ದ, ನೆಲದಿಂದ ಒಂದಡಿ ಎತ್ತರ. ತೊಟ್ಟಿಲು ಕೊರೆಯೋ ಮೊದಲು ರಟ್ಟಿನಲ್ಲಿ ಕತ್ತರಿಸಿ ನಿಮ್ಮ ವೀಣೆಗೇ ಹಿಡಿದು ನೋಡಿ, ಕೊಡದ ದುಂಡು ಒಂದೊಂದರಲ್ಲಿ ಒಂದೊಂದು ತರ.